ಅರ್ಡಿಸ್ ಟೀಚರ ರುಜು

ಹೋದ ನವೆಂಬರಿನಲ್ಲಿ ಅರ್ಡಿಸ್ ಟ್ವೈಟ್ ಹಾಕಿದ ಓಟು ಎಣಿಕೆಗೇ ಬರಲಿಲ್ಲ. ಈ ಸಂಗತಿ ಅವಳನ್ನೂ ಮತ ಎಣಿಸುವ ಕಚೇರಿಯನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ಅಂಚೆಯಲ್ಲಿ ಕಳಿಸಿದ ಮತದ ಲಕೋಟೆಯ ಮೇಲೆ ರುಜು ಹಾಕಬೇಕು. ಆ ರುಜುವನ್ನು ಕೌಂಟಿಯ, ಎಂದರೆ ಜಿಲ್ಲೆಯ, ಚುನಾವಣಾ ಕಚೇರಿಯವರು ತಮ್ಮಲ್ಲಿರುವ ಹಳೆಯ ರುಜುವಿನ ಪಕ್ಕ ಇಟ್ಟು ನೋಡುತ್ತಾರೆ. ಹೊಂದದಿದ್ದರೆ ಲಕೋಟೆ ತೆರೆಯುವುದೇ ಇಲ್ಲ. ಚುನಾವಣೆ ಮುಗಿದು ಎಷ್ಟೋ ದಿನಗಳ ಮೇಲೆ ಸುಮ್ಮನೆ ಕಂಪ್ಯೂಟರಿನಲ್ಲಿ ನೋಡಿದರೆ ಅವಳ ಹೆಸರಿನ ಮುಂದೆ ‘ರುಜು ಹೊಂದುತ್ತಿಲ್ಲ, ತಿರಸ್ಕೃತ’ ಎಂದಿತ್ತು.

ಅವಮಾನ ಎಂದರೆ ಇದು. ಟ್ಯಾಮರಾಕ್ ಕೌಂಟಿಯ ಶಾಲೆಯಲ್ಲಿ ಅರ್ಡಿಸ್ ಬದುಕಿಡೀ ಮಾಡಿದ್ದು ಮೂರನೇ ತರಗತಿಯ ಮಕ್ಕಳಿಗೆ ಕರ್ಸಿವ್ ಬರವಣಿಗೆ ತಿದ್ದಿಸುವ ಕೆಲಸ. ಊರಿನ ಅರ್ಧ ಜನ ಬ್ಯಾಂಕಿನ ಚೆಕ್ಕಿಗೆ ಹಾಕುವ ರುಜುವಿನ ಸೊಟ್ಟ ನೆಟ್ಟಗೆ ಮಾಡಿದವಳು ಅವಳೇ. ಹೋದ ಬೇಸಿಗೆಯಲ್ಲಿ ಬಲಗೈ ನಡುಗಲು ಶುರುವಾಯಿತು. ಅಷ್ಟು ವರ್ಷ ಹೇಳಿದಂತೆ ಕೇಳಿಕೊಂಡಿದ್ದ ಕೈ ಕೊನೆಗೆ ಕೈಕೊಟ್ಟಿತು. ಅಂದಿನಿಂದ ಕಾಫಿಗೆ ಮುಚ್ಚಳದ ಲೋಟ ಬಂತು. ಯಾವ ಪಕ್ಷಕ್ಕೂ ಸೇರದ ಮತದಾರರ ಸಂಘದ ಸಭೆಗಳಲ್ಲಿ ಟಿಪ್ಪಣಿ ಬರೆಯುವ ಬದಲು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಕ್ಷರ ಕುಟ್ಟತೊಡಗಿದಳು. ಈ ವಯಸ್ಸಿನಲ್ಲೂ ಎಷ್ಟು ಮುಂದುವರಿದಿದ್ದಾಳೆ ನೋಡಿ ಎಂದು ಸಂಘದವರೆಲ್ಲ ಹೊಗಳಿದರು, ಅವಳೂ ಹೊಗಳಿಸಿಕೊಂಡಳು. ನಿಜ ಗೊತ್ತಾದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪಾಪ, ಸುಸ್ತಾಗಿದ್ದೀರಿ, ಮನೆಯಲ್ಲಿರಿ ಎನ್ನುತ್ತಾರೆ. ಹಾಗೆ ಮನೆಗೆ ಹೋದವರು ಯಾರೂ ಮತ್ತೆ ಸಂಘದ ಮೇಜಿಗೆ ಬಂದದ್ದನ್ನು ಅವಳು ನೋಡಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಸಂಘದ ಅಧ್ಯಕ್ಷೆ ನಾಡೀನ್ ಕ್ರೂಸ್‌ಳ ಕಾರಿನಲ್ಲಿ ಇಬ್ಬರೂ ರಾಜ್ಯದ ರಾಜಧಾನಿಗೆ ಹೊರಟರು. ರುಜು ಹೊಂದದಿದ್ದರೆ ಲಕೋಟೆಯನ್ನು ಮೂಲೆಗೆ ಎಸೆಯುವ ಮೊದಲು ಆ ಮತದಾರರಿಗೆ ತಿಳಿಸಬೇಕು, ಬಂದು ಸರಿಪಡಿಸಲು ಸಮಯ ಕೊಡಬೇಕು ಎಂಬ ಮಸೂದೆ ಅಂದು ಸೆನೆಟ್ ಸಮಿತಿಯ ಮುಂದಿತ್ತು. ಎರಡೂ ಪಕ್ಷದ ಒಬ್ಬೊಬ್ಬರು ಸೇರಿ ತಂದದ್ದು. ಹಾಗಾಗಿ ಎರಡೂ ಪಕ್ಷದವರಿಗೆ ಅದರ ಮೇಲೆ ಅನುಮಾನ.

"ಹೋದ ವಾರ ಅವರು ನಮ್ಮನ್ನ ಇವರ ಬಾಲ ಅಂದ್ರು. ನಿನ್ನೆ ಇವರು ಫೋನ್ ಮಾಡಿ ಅವರ ಬಾಲ ಅಂದ್ರು," ಎಂದಳು ನಾಡೀನ್, ಒಂದು ಕೈಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಸ್ಟೀರಿಂಗ್. "ಇಬ್ರೂ ಬೈತಿದಾರೆ ಅಂದ್ರೆ ಸರಿಯಾದ ದಾರೀಲೇ ಇದೀವಿ ಕಣೇ."

"ಮೊದ್ಲು ರಸ್ತೆ ನೋಡು ಮಾರಾಯ್ತಿ," ಎಂದಳು ಅರ್ಡಿಸ್.

ಸಮಿತಿಯ ಕೋಣೆಯಲ್ಲಿ ಬೂಟುಗಳಿಗೆ ಅಂಟಿ ಬಂದ ಹಿಮ ಕರಗಿ ನೆಲವೆಲ್ಲ ರಾಡಿಯಾಗಿತ್ತು. ನಾಡೀನ್ ಸಂಘದ ಹೇಳಿಕೆ ಓದಿದಳು. ಎದೆಯ ಮೇಲೆ ಸಂಘದ ಬಿಲ್ಲೆ ಇದ್ದಷ್ಟು ಹೊತ್ತು ಸದಸ್ಯರೆಲ್ಲ ಕೂತು ಒಪ್ಪಿದ ಮಾತನ್ನೇ ಆಡಬೇಕು. ಸ್ವಂತ ಸಿಟ್ಟು, ಸ್ವಂತ ಕಥೆ ಏನಿದ್ದರೂ ಬಾಗಿಲಾಚೆ. ಈ ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ಅರ್ಡಿಸ್.

ಸಮಿತಿಯ ಅಧ್ಯಕ್ಷೆ ಸೆನೆಟರ್ ಗ್ಯಾರಟಿ ಕನ್ನಡಕ ಕೆಳಗಿಳಿಸಿ ಕೇಳಿದಳು: "ಅಂಕಿಅಂಶ ಸರಿ. ಹೀಗೆ ನಿಜವಾಗ್ಲೂ ಓಟು ಕಳ್ಕೊಂಡವರು ಒಬ್ರನ್ನಾದ್ರೂ ಕರ್ಕೊಂಡು ಬಂದಿದೀರಾ?"

"ಇಲ್ಲ ಮೇಡಂ," ಎಂದಳು ನಾಡೀನ್. "ಅವರಲ್ಲಿ ಬಹಳ ಜನಕ್ಕೆ ಕಳ್ಕೊಂಡಿದ್ದೇ ಗೊತ್ತಿರಲ್ಲ."

ಅರ್ಡಿಸ್ ಲ್ಯಾಪ್‌ಟಾಪ್ ಮೇಲೆ ಇನ್ನಷ್ಟು ಬಗ್ಗಿದಳು. ನಾಡೀನ್ ಹೇಳಿದ್ದನ್ನು ಒಂದೊಂದೇ ಅಕ್ಷರವಾಗಿ ಕುಟ್ಟಿದಳು.

ಆಮೇಲೆ ಮಸೂದೆಯನ್ನು ವಿರೋಧಿಸಲು ಎದ್ದವನು ಲೈಲ್ ಬೆಂಡಿಕ್ಸನ್, ಟ್ಯಾಮರಾಕ್ ಕೌಂಟಿಯ ಚುನಾವಣಾ ಅಧಿಕಾರಿ. ಒಳ್ಳೆಯ ಹುಡುಗ. ಹುಡುಗನೇನು, ಐವತ್ತು ದಾಟಿದೆ. ಆದರೆ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಅಕ್ಷರವೆಲ್ಲ ಮಸಿ ಮಾಡಿಕೊಳ್ಳುತ್ತಿದ್ದವನ ಕೈ ಹಿಡಿದು ಬರೆಸಿದವಳಿಗೆ ಅವನು ಎಂದೂ ಹುಡುಗನೇ. ಅರ್ಡಿಸ್‌ಳನ್ನು ಅವನು ನೋಡಿರಲಿಲ್ಲ, ಅವಳು ಹಿಂದಿನ ಸಾಲಿನಲ್ಲಿದ್ದಳು.

"ನಮ್ಮಲ್ಲಿ ಜನ ಕಡಿಮೆ, ಕೆಲ್ಸ ಜಾಸ್ತಿ, ಅದಿರ್ಲಿ," ಎಂದ ಲೈಲ್. "ರುಜು ನೋಡೋದು ಸುಮ್ನೆ ಅಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನವೆಂಬರಲ್ಲಿ ಒಂದು ಲಕೋಟೆ ಬಂತು. ನಂಗೆ ಅಕ್ಷರ ಕಲಿಸಿದ ಟೀಚರ್ ಹೆಸರಲ್ಲಿ. ಅವರ ಕೈಬರಹ ನಂಗೆ ನನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತು. ಲಕೋಟೆ ಮೇಲೆ ಇದ್ದದ್ದು ಬರೀ ಗೀಚು. ಯಾರೋ ಅವರ ಓಟು ಕದಿಯೋಕೆ ನೋಡಿದಾರೆ. ನಾನು ಬಿಡಲಿಲ್ಲ."

"ಅವರಿಗೆ ತಿಳಿಸಿದ್ರಾ?" ಎಂದಳು ಗ್ಯಾರಟಿ.

"ಕಾನೂನಲ್ಲಿ ತಿಳಿಸಬೇಕು ಅಂತಿಲ್ಲ ಮೇಡಂ. ವಯಸ್ಸಾದವರು, ಮನಸ್ಸಿಗೆ ಯಾಕೆ ನೋವು ಅಂತ ಸುಮ್ನಾದೆ."

ಸಮಿತಿಯ ಇಬ್ಬರು ಮೂವರು ತಲೆದೂಗಿದರು. ನಾಡೀನ್ ಅರ್ಡಿಸ್‌ಳ ಪಕ್ಕ ಬಂದು ಕೂತಿದ್ದವಳು ಅವಳ ಕಿವಿಗೆ ಬಗ್ಗಿದಳು. "ನಿಮ್ಮೂರೇ ಅಲ್ವೇನೇ? ಯಾರೇ ಆ ಟೀಚರ್?"

ಅರ್ಡಿಸ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಅವಳ ಅಕ್ಷರದ ಮೇಲೆ ಊರಲ್ಲಿ ಇಷ್ಟು ಅಭಿಮಾನ ಇಟ್ಟುಕೊಂಡವನು ಇನ್ನೊಬ್ಬನಿಲ್ಲ, ಅವಳ ಓಟು ಮಣ್ಣುಪಾಲಾದದ್ದು ಆ ಅಭಿಮಾನದಿಂದಲೇ. ಈಗ ಸುಮ್ಮನಿದ್ದರೆ ಗುಟ್ಟು ಉಳಿಯುತ್ತದೆ, ಸಂಘದ ಕುರ್ಚಿ ಉಳಿಯುತ್ತದೆ. ಮಸೂದೆ ಮಾತ್ರ ಅವಳದೇ ಹೆಸರಿನಲ್ಲಿ ಸಾಯುತ್ತದೆ. ಅವಳು ಎದೆಯ ಮೇಲಿನ ಬಿಲ್ಲೆ ತಡಕಾಡಿ ಕಿತ್ತು ನಾಡೀನ್‌ಳ ಮಡಿಲಿಗೆ ಹಾಕಿದಳು.

"ಏನೇ ಇದು?"

"ನಾನು ಆಡೋದು ಸಂಘದ ಮಾತಲ್ಲ. ನನ್ನದು."

ಮಾತಾಡುವವರು ಮೊದಲು ಮೇಜಿನ ಮೇಲಿನ ಚೀಟಿಯಲ್ಲಿ ಹೆಸರು ಬರೆದು, ಪರವೋ ವಿರೋಧವೋ ಎಂದು ತಿಳಿಸಿ ರುಜು ಹಾಕಬೇಕು. ಅರ್ಡಿಸ್ ಮುಂದೆ ಹೋಗಿ ಪೆನ್ನು ತೆಗೆದುಕೊಂಡಳು. ಕೈ ಕುಣಿಯಿತು. ಮರೆಮಾಚಲು ಅವಳು ಇನ್ನೊಂದು ಕೈ ಅಡ್ಡ ಹಿಡಿಯಲಿಲ್ಲ. ಬರೆದು ಮುಗಿಸಿ ಚೀಟಿಯನ್ನು ಲೈಲ್‌ನ ಕಡೆ ತಳ್ಳಿದಳು.

"ನೋಡಪ್ಪ ಲೈಲ್. ಆ ಲಕೋಟೆ ಮೇಲಿದ್ದ ಗೀಚು ಇದೇನಾ?"

ಲೈಲ್ ನೋಡಿದ. "ಟೀಚರ್," ಎಂದ ಅಷ್ಟೆ.

"ಕಳ್ಳರು ಯಾರೂ ಇಲ್ಲ ಮೇಡಂ," ಎಂದಳು ಅರ್ಡಿಸ್ ಗ್ಯಾರಟಿಯ ಕಡೆ ತಿರುಗಿ. "ಲಕೋಟೆ ನಂದೇ, ರುಜು ನಂದೇ. ಕೈ ಕೆಟ್ಟಿದೆ, ತಲೆ ಕೆಟ್ಟಿಲ್ಲ. ಯಾರಿಗೂ ಹೇಳಿರ್ಲಿಲ್ಲ, ನಾಚಿಕೆ ಆಗಿತ್ತು. ಇವನು ನಮ್ಮನೆಯಿಂದ ಎರಡು ಬೀದಿ ಆಚೆ ಇರ್ತಾನೆ. ಒಂದು ಫೋನ್ ಮಾಡಿದ್ರೆ ಅವನಿಗೆ ನಾಕು ಬೈದಿರ್ತಿದ್ದೆ, ಹೋಗಿ ಸರಿ ಮಾಡಿಸ್ಕೊಂಡು ಬಂದಿರ್ತಿದ್ದೆ. ಓಟು ಕಳ್ಕೊಂಡವರು ಒಬ್ರು ಬೇಕು ಅಂದ್ರಲ್ಲ, ನಾನಿದೀನಿ."

ಗ್ಯಾರಟಿ ಏನನ್ನೋ ಬರೆದುಕೊಂಡಳು. ಮಸೂದೆಯ ಮೇಲೆ ಮತ ಮಂಗಳವಾರ ಎಂದು ಸಭೆ ಮುಗಿಸಿದಳು.

ಹೊರಗೆ ಮೊಗಸಾಲೆಯಲ್ಲಿ ಲೈಲ್ ಹಿಂದೆಯೇ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

"ಆ ಲಕೋಟೆ ಇನ್ನೂ ಕಚೇರೀಲೇ ಇದೆ ಟೀಚರ್. ಬೀಗದೊಳಗೆ. ಈಗ ತೆಗೆಯೋ ಹಾಗಿಲ್ಲ."

"ತೆಗೆದೀಯ ಮತ್ತೆ. ಅದು ತಪ್ಪು."

"ಯಾರಿಗೆ ಹಾಕಿದ್ರಿ ಅಂತಾದ್ರೂ..."

"ಅದನ್ನ ನಮ್ಮ ಯಜಮಾನ್ರಿಗೇ ಹೇಳಿದವಳಲ್ಲ ನಾನು."

ಲೈಲ್ ನಗಲು ನೋಡಿದ, ಆಗಲಿಲ್ಲ. "ಹೊಸ ರುಜು ಕೊಟ್ಬಿಡಿ. ಇಟ್ಕೋತೀನಿ. ಮುಂದಿನ ಸಲ ತೊಂದ್ರೆ ಆಗಲ್ಲ."

"ಮುಂದಿನ ಸಲಕ್ಕೆ ಈ ಕೈ ಇನ್ನೂ ಕೆಟ್ಟಿರುತ್ತೆ. ಇವತ್ತು ಕೊಟ್ಟ ರುಜೂನೂ ಆಗ ಹೊಂದಲ್ಲ."

"ಹಾಗಾದ್ರೆ ಫೋನ್ ಮಾಡ್ತೀನಿ ಟೀಚರ್. ನನ್ನಾಣೆಗೂ."

"ನಂಗೆ ಮಾಡ್ತೀಯ, ಗೊತ್ತು. ನಿಂಗೆ ಪಾಠ ಹೇಳದೇ ಇದ್ದವರಿಗೆ ಯಾರು ಮಾಡ್ತಾರೆ?"

ಲೈಲ್ ಟೋಪಿ ಹಿಂಡುವುದನ್ನು ನಿಲ್ಲಿಸಿದ. ಸಮಿತಿಯ ಕೋಣೆಗೆ ವಾಪಸು ಹೋಗಿ, ವಿರೋಧ ಎಂದು ಬರೆದುಕೊಟ್ಟಿದ್ದ ತನ್ನ ಚೀಟಿಯನ್ನು ಹಿಂದಕ್ಕೆ ಕೇಳಿದ.

ನಾಡೀನ್ ಕಣ್ಣೊರೆಸಿಕೊಂಡು ಬಿಲ್ಲೆ ಚಾಚಿದಳು. ಮನೆಯಲ್ಲಿರಿ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. "ತಗೋ. ಮಧ್ಯಾಹ್ನ ಇನ್ನೊಂದು ಸಮಿತಿ ಇದೆ, ಟಿಪ್ಪಣಿಗೆ ನೀನೇ ಬೇಕು."

ಅರ್ಡಿಸ್ ಬಿಲ್ಲೆಯನ್ನು ತೆಗೆದುಕೊಂಡು ಕೋಟಿನ ಅಂಚಿಗೆ ಹಿಡಿದಳು. ಪಿನ್ನು ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು.

"ನೀನೇ ಚುಚ್ಚೇ," ಎಂದಳು. "ನನ್ನ ಕೈಲಾಗಲ್ಲ."

ನಾಡೀನ್ ಚುಚ್ಚಿದಳು. ಇಬ್ಬರೂ ಮುಂದಿನ ಕೋಣೆಯ ಕಡೆ ನಡೆದರು.