ಎರಡನೇ ಡಿಸ್ಕಿನಲ್ಲಿ ಇದ್ದದ್ದು

ಅಪ್ಪನ ಕಾರ್ಯ ಮುಗಿದ ಮೇಲೆ ಅವನ ಕುಲದ ಹಿರಿಯ ಅಗ್ಯೆಮಾಂಗ್ ಅಜ್ಜ ಮನೆಗೆ ಬಂದು ಕೂತರು. ಜೊತೆಗೆ ಅಪ್ಪನ ಅಕ್ಕನ ಮಗ ಯೆಬೋವಾ. ನಮ್ಮೂರು ಕುಮಾಸಿಯಲ್ಲಿ ನಮ್ಮವರದು ಅಳಿಯಕಟ್ಟು, ಅಪ್ಪನದೆಲ್ಲ ಯೆಬೋವಾನಿಗೆ. ಆದರೆ ಅಮ್ಮ ಮರಗೆಣಸು ಕುಟ್ಟಿ ಫುಫು ಮುದ್ದೆ ಮಾಡಿ ಮಾರುವ ಮುಂದಿನ ಕೋಣೆಯನ್ನು ಅಪ್ಪ ಬದುಕಿದ್ದಾಗಲೇ ಹಿರಿಯರನ್ನು ಕೂರಿಸಿ ಅವಳಿಗೆ ಕೊಟ್ಟಿದ್ದ. ಆ ಸಾಕ್ಷಿಗಳು ಯಾರೂ ಈಗ ಬದುಕಿಲ್ಲ. ನಾನು ತೆಗೆದ ವಿಡಿಯೊ ಮಾತ್ರ ಅಪ್ಪನ ಕಂಪ್ಯೂಟರಿನ ಎರಡನೇ ಡಿಸ್ಕಿನಲ್ಲಿತ್ತು.

ಯೆಬೋವಾ ವಿಂಡೋಸ್ ತೆರೆದ. "ಎಲ್ಲಿದೆ ಅತ್ತೆ ಎರಡನೇ ಡಿಸ್ಕು? ಒಂದೇ ತೋರಿಸ್ತಿದೆ."

"ಇತ್ತಪ್ಪ, ಇವಳೇ ನೋಡಿದಾಳೆ," ಎಂದು ಅಮ್ಮ ನನ್ನತ್ತ ತಿರುಗಿದಳು. " ಹೇಳೇ, ಬಾಯಲ್ಲಿ ಫುಫು ಇಟ್ಕೊಂಡಿದೀಯಾ?"

ನಾನು ಎದ್ದೆ. ಕಂಪ್ಯೂಟರ್ ಆರಿಸಿ ಪಕ್ಕದ ಮುಚ್ಚಳ ಬಿಚ್ಚಿದೆ. ಶವ ಇಡಲು ಜಾಗ ಮಾಡುವಾಗ ಯಾರೋ ಅದನ್ನು ಎಳೆದಾಡಿದ್ದರು; ಡಿಸ್ಕಿಗೆ ಕರೆಂಟು ಕೊಡುವ ವೈರು ಕಳಚಿತ್ತು. ಒತ್ತಿ ಕೂರಿಸಿ ಮತ್ತೆ ಹಚ್ಚಿದೆ. ಈಗ ವಿಂಡೋಸಿಗೆ ಡಿಸ್ಕು ಕಂಡಿತು, ಆದರೆ ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಯೆಬೋವಾ ಹೂಂ ಎಂದು ಒತ್ತುವಷ್ಟರಲ್ಲಿ ಅವನ ಮಣಿಕಟ್ಟು ಹಿಡಿದೆ.

"ಬಿಡೇ, ಖಾಲಿ ಡಿಸ್ಕು."

"ಖಾಲಿ ಅಲ್ಲ. ಅಪ್ಪ ಲಿನಕ್ಸಲ್ಲಿ ಇಟ್ಟಿದ್ದು. ವಿಂಡೋಸಿಗೆ ಅದನ್ನ ಓದೋಕೆ ಬರಲ್ಲ."

"ಓಹೋ, ಇವಳಿಗೆ ಮಾತೂ ಬರುತ್ತೆ," ಎಂದು ಅಜ್ಜ ನಕ್ಕರು.

ಕಂಪ್ಯೂಟರನ್ನು ಇನ್ನೊಮ್ಮೆ ಆರಿಸಿ ಹಚ್ಚಿ, ಕಪ್ಪು ಪರದೆಯ ಪಟ್ಟಿಯಲ್ಲಿ ಲಿನಕ್ಸ್ ಆಯ್ದುಕೊಂಡೆ. ಡಿಸ್ಕು ತೆರೆದುಕೊಂಡಿತು, ವಿಡಿಯೊ ಹಾಕಿದೆ. ಅಪ್ಪನ ದನಿ ಬಂತು: "ನಿಮ್ಮೆಲ್ಲರ ಎದುರಿಗೆ ಈ ಕೋಣೆ ನನ್ನ ಹೆಂಡತಿ ಸೆರ್ವಾಗೆ ಕೊಟ್ಟಿದೀನಿ." ಅಮ್ಮ ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಮುಖ ಒರೆಸಿಕೊಂಡಳು. ಯೆಬೋವಾ ತಲೆ ತಗ್ಗಿಸಿದ.

"ಕೊನೇವರೆಗೂ ಹಾಕು," ಅಂದರು ಅಜ್ಜ.

ನೋಡಿ ಮುಗಿಸಿ ಕೇಳಿದರು: "ಅಸೆಡಾ ಎಲ್ಲಿ ಸೆರ್ವಾ?"

ಅಸೆಡಾ ಅಂದರೆ ಪಡೆದವರು ಕೃತಜ್ಞತೆಗೆಂದು ಒಂದು ಸಾರಾಯಿ ಬಾಟಲಿ ಇಡಬೇಕು, ಸಾಕ್ಷಿಗಳು ಅದರಲ್ಲಿ ಗುಟುಕು ಕುಡಿಯಬೇಕು. ಇಲ್ಲದಿದ್ದರೆ ಕೊಟ್ಟದ್ದು ಕೊಟ್ಟಂತಲ್ಲ. ವಿಡಿಯೊದಲ್ಲಿ ಅಮ್ಮ ಸೌಟು ಹಿಡಿದು ನಗುತ್ತಿದ್ದಳು: "ಕಟ್ಕೊಂಡ ಗಂಡಂಗೆ ಎಂಥ ಅಸೆಡಾ? ಸಂಜೆ ಸೂಪಿಗೆ ಒಂದು ತುಂಡು ಮಾಂಸ ಜಾಸ್ತಿ ಹಾಕ್ತೀನಿ ಬಿಡಿ." ಎಲ್ಲರೂ ನಕ್ಕಿದ್ದರು. ಫೋನಿನ ಹಿಂದೆ ನನ್ನ ನಗುವೂ ಕೇಳಿಸಿತು.

"ಡಿಸ್ಕು ಸಿಗದೆ ಇದ್ದಿದ್ರೆ ನಿಮ್ಮಮ್ಮನ ಮಾತು ನಂಬಿ ಸುಮ್ಮನಾಗ್ತಿದ್ದೆ ಮಗಳೇ," ಅಂದರು ಅಜ್ಜ. "ಕಣ್ಣಾರೆ ನೋಡಿದ ಮೇಲೆ ಹೆಂಗೆ?"

ಕೋಣೆಯ ಜೊತೆಗೆ ಕಂಪ್ಯೂಟರೂ ಯೆಬೋವಾನದಾಯಿತು. ಅವನು ಒಯ್ಯುವ ಹಾದಿಯಲ್ಲಿ ವೈರು ಮತ್ತೆ ಕಳಚದಿರಲೆಂದು ಒತ್ತಿ ನೋಡಿ, ಮುಚ್ಚಳದ ಸ್ಕ್ರೂಗಳನ್ನು ನಾನೇ ಬಿಗಿದೆ. ಮುಂದಿನ ಕೋಣೆಯಲ್ಲಿ ಅಮ್ಮ ಫುಫು ಕುಟ್ಟುವ ಒರಳನ್ನು ಹೊರಕ್ಕೆ ಉರುಳಿಸುತ್ತಿದ್ದಳು.