ಕುಶಾಲಪ್ಪ ಗೌಡರ ಎಡಗಿವಿ

ಕೋಡಿಂಬಾಳದ ಒಂದು ಮದುವೆಯಲ್ಲಿ ವಧೂವರರಿಗೆ ಮಂಗಳಪದ್ಯ ಓದುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಬಂದಿತ್ತು ಎನ್ನುವುದಕ್ಕಿಂತ, ಕಡಬದ ಶಾಲೆಯಲ್ಲಿ ಕನ್ನಡ ಕಲಿಸುವವನು ಪದ್ಯ ಬರೆಯದೆ ಇರಲಾರ ಎಂಬ ಊರವರ ತಪ್ಪು ತಿಳಿವಳಿಕೆಯನ್ನು ತಿದ್ದುವ ಧೈರ್ಯ ನನಗಿರಲಿಲ್ಲ ಎನ್ನುವುದೇ ಸರಿ. ಎಂಟು ನುಡಿಗಳ ಆ ಕೃತಿಯನ್ನು ಊಟವಾಗಿ ಅರೆನಿದ್ರೆಯಲ್ಲಿದ್ದ ಸಭೆಗೆ ಓದಿ ಮುಗಿಸಿ, ಬೆವರು ಒರೆಸಿಕೊಂಡು, ಪಕ್ಕದಲ್ಲಿದ್ದ ಮಿತ್ರ ರಾಮಪ್ರಸಾದನ ಕಡೆಗೆ ಬಾಗಿ, "ಪಾಯಸ ಎಂತದು ಮಾರಾಯ, ಬೆಲ್ಲವನ್ನು ದೂರದಿಂದ ತೋರಿಸಿ ವಾಪಸು ಇಟ್ಟ ಹಾಗುಂಟು" ಎಂದೆ. ಎದುರಿದ್ದ ಮೈಕು ಇನ್ನೂ ಎಚ್ಚರವಾಗಿಯೇ ಇತ್ತು. ಹಲಸಿನ ಮರಕ್ಕೆ ಕಟ್ಟಿದ್ದ ಎರಡು ಕಹಳೆಗಳು ನನ್ನ ಪದ್ಯಕ್ಕಿಂತ ಸ್ಪಷ್ಟವಾಗಿ ಈ ಗದ್ಯವನ್ನು ಹೊಳೆಯಾಚೆಗೂ ಸಾರಿದವು. ಹೆಣ್ಣಿನ ತಂದೆ ಬಾಳೆಲೆಯ ಚೂರಿನಲ್ಲಿ ಒಂದು ಅಚ್ಚು ಬೆಲ್ಲವನ್ನು ನನಗೆಂದು ಕಳಿಸಿಕೊಟ್ಟರು.

ಅಷ್ಟು ಜನರಲ್ಲಿ ನನ್ನ ಮಾತನ್ನು ಕೇಳದೆ ಉಳಿದವರು ಒಬ್ಬರೇ. ಅದನ್ನು ಊರಿಗೆಲ್ಲ ಕೇಳಿಸಿದವರು. ಚಪ್ಪರದ ಮೂಲೆಯಲ್ಲಿ, ಬೆಂಚಿನ ಒಂದು ತುದಿಯಲ್ಲಿ, ಎಡಗಿವಿಗೆ ಹೆಡ್‌ಫೋನಿನ ಕರಿಯ ಬಟ್ಟಲನ್ನು ಕವಿಚಿಕೊಂಡು, ಮುಂದೆ ಹಾಕಬೇಕಾದ ಹಾಡಿನಲ್ಲಿ ಮುಳುಗಿ ಕುಶಾಲಪ್ಪ ಗೌಡರು ಕಣ್ಣು ಅರೆಮುಚ್ಚಿ ಕುಳಿತಿದ್ದರು; ತಮ್ಮ ಯಂತ್ರ ಲೋಕಕ್ಕೆ ಸಾರುತ್ತಿರುವ ವಿಷಯಕ್ಕೂ ತಮಗೂ ಯಾವ ಸಂಬಂಧವೂ ಇಲ್ಲ ಎಂಬಂಥ ಪ್ರಶಾಂತಿ ಆ ಮುಖದಲ್ಲಿತ್ತು. ಜನ ನಗುವುದನ್ನು ಕಂಡು ಬಟ್ಟಲನ್ನು ತುಸು ಸರಿಸಿ, "ಆಯ್ತಾ ಮಾಸ್ಟ್ರೆ? ಬಂದ್ ಮಾಡ್ಲಾ?" ಎಂದು ಕೇಳಿದರು.

ಅರವತ್ತರ ಆಚೀಚಿನ ಆ ವರ್ಷಗಳಲ್ಲಿ ಕಡಬದ ಸುತ್ತುಮುತ್ತ ಮದುವೆಯಾಗಲಿ, ಮನೆ ಒಕ್ಕಲಾಗಲಿ, ಚುನಾವಣೆಯ ಭಾಷಣವಾಗಲಿ, ಕುಶಾಲಪ್ಪ ಗೌಡರ ಮೈಕ್ ಸೆಟ್ಟು ಬಾರದೆ ನಡೆದದ್ದೆಂದು ನಾನು ಕಾಣೆ. ಸುಳ್ಯದ ಕಡೆಯ ಈ ಮನುಷ್ಯ ಮಿಲಿಟರಿಯಲ್ಲಿ ತಂತಿಯ ಸುದ್ದಿ ಕಳಿಸುವ ಕೆಲಸ ಮಾಡಿ, ಬಿಟ್ಟು ಬರುವಾಗ ಒಂದು ಖಾಕಿ ಕೋಟು, ಒಂದು ಹೆಡ್‌ಫೋನು ಮತ್ತು ಮಾತನ್ನು ಮಿತವಾಗಿ ಖರ್ಚು ಮಾಡುವ ಅಭ್ಯಾಸವನ್ನು ತಂದಿದ್ದರು. ಮೊಣಕೈಯಲ್ಲಿ ಬೇರೆ ಬಟ್ಟೆಯ ತೇಪೆ ಹಾಕಿದ್ದ ಆ ಕೋಟಿನ ಒಂದು ಕಿಸೆಯಲ್ಲಿ ನಶ್ಯದ ಡಬ್ಬಿ. ಡಬ್ಬಿಯಲ್ಲಿ ನಶ್ಯದ ಬದಲು ಗ್ರಾಮಫೋನಿನ ಮುಳ್ಳುಗಳು. ವರ್ಷಗಟ್ಟಲೆ ಬ್ಯಾಟರಿ ಹೊತ್ತ ದೆಸೆಯಿಂದ ಬಲ ಹೆಗಲು ಇಳಿದುಹೋಗಿ, ಬರಿಗೈಯಲ್ಲಿ ನಡೆಯುವಾಗಲೂ ಅಗೋಚರವಾದ ಒಂದು ಭಾರ ಅವರನ್ನು ನೆಲಕ್ಕೆ ಎಳೆಯುತ್ತಿದೆಯೇನೋ ಎನಿಸುತ್ತಿತ್ತು. ಯಾರು ಏನು ಕೇಳಿದರೂ ಉತ್ತರ "ಹಾಗೆಂತ ಇಲ್ಲ" ಎಂದೇ ಆರಂಭ. ಹಸಿವಾಗಿದೆಯೇ ಎಂದರೂ ಹಾಗೆಂತ ಇಲ್ಲ, ಮೂರು ಸಲ ಬಡಿಸಿಕೊಂಡ ಮೇಲೆ ಸಾಕೇ ಎಂದರೂ ಹಾಗೆಂತ ಇಲ್ಲ.

ಮರದ ಮೇಲಿನ ಕಹಳೆಗಳು ಊರಿಗೆಲ್ಲ ಹಾಡು ಸುರಿಯುತ್ತಿದ್ದಾಗ ಅದೇ ಹಾಡನ್ನು ಇವರು ಒಂದು ಕಿವಿಯಲ್ಲಿ ಗುಟ್ಟಾಗಿ ಕೇಳುವುದು ಏಕೆ ಎಂಬುದು ಬಹುಕಾಲದ ಚರ್ಚಾವಿಷಯವಾಗಿತ್ತು. ಜಿಪುಣತನ ಎಂದರು ಕೆಲವರು. ಕಿವುಡು ಎಂದರು ಇನ್ನು ಕೆಲವರು. ಮಿಲಿಟರಿಯಿಂದ ಇನ್ನೂ ಗುಪ್ತ ಸುದ್ದಿ ಬರುತ್ತದೆ ಎಂದು ಹೋಟೆಲಿನ ವೆಂಕಪ್ಪ ಆಣೆಯಿಟ್ಟು ಹೇಳುತ್ತಿದ್ದ. ನೇರವಾಗಿ ಕೇಳಿದವರಿಗೆ ಗೌಡರು ಅವರವರಿಗೆ ಹೊಂದುವ ಕಾರಣವನ್ನೇ ಕೊಡುತ್ತಿದ್ದರು. ತೋಟದ ಧನಿಗಳಿಗೆ, "ಬ್ಯಾಟರಿ ಉಳಿತದೆ." ಪೊಲೀಸಿನವರಿಗೆ, "ಇದಕ್ಕೆ ಪರ್ಮಿಶನ್ ಬೇಡ." ವೆಂಕಪ್ಪನಿಗೆ, "ನಿನ್ನ ಮಾತು ಕೇಳುದಿಲ್ಲ, ಅದೊಂದು ಲಾಭ."

ನನಗೆ ಸಿಕ್ಕಿದ ಕಾರಣ ಬೇರೆ. ಬೆಲ್ಲದ ಪ್ರಕರಣದ ಅನಂತರ ನಮ್ಮಲ್ಲಿ ಒಂದು ಬಗೆಯ ಸ್ನೇಹ ಬೆಳೆದಿತ್ತು. ಶಾಲೆ ಬಿಟ್ಟ ಮೇಲೆ ಪೇಟೆಯಲ್ಲಿದ್ದ ಅವರ ಅಂಗಡಿಯ ಬೆಂಚಿಗೆ ಹೋಗಿ ಕೂರುತ್ತಿದ್ದೆ. ಒಂದು ಸಂಜೆ ಅವರೇ, "ಸ್ಪೀಕರಿನಲ್ಲಿ ಹಾಡು ಕೇಳ್ತದೆ ಮಾಸ್ಟ್ರೆ. ಇದರಲ್ಲಿ ಹಾಡುವ ಜನ ಕೇಳ್ತದೆ" ಎಂದರು. ನಾನು ಪಂಡಿತನಂತೆ ತಲೆಯಾಡಿಸಿ, ಅವರು ಕಿವಿಯ ಹಿಂದಕ್ಕೆ ಸರಿಸಿಟ್ಟಿದ್ದ ಬಲದ ಬಟ್ಟಲಿಗೆ ಕೈ ಹಾಕಿದೆ. ಅವರು ಮೆಲ್ಲನೆ ನನ್ನ ಕೈ ಸರಿಸಿದರು. "ಅದು ಬೇಡ. ಎಡದ್ದು ತಕೊಳ್ಳಿ." ತಮ್ಮ ಕಿವಿಯ ಬಟ್ಟಲನ್ನೇ ತೆಗೆದು ನನಗಿತ್ತರು. ಹಾಡಿನ ತಟ್ಟೆಯ ಮೇಲೆ ಮುಳ್ಳು ಉಜ್ಜುವ ಸದ್ದು. ಆಮೇಲೆ, ಹಾಡು ಆರಂಭವಾಗುವ ಮೊದಲು, ಯಾರೋ ಹೆಂಗಸು ತೀರ ಹತ್ತಿರದಲ್ಲಿ ಉಸಿರು ಎಳೆದುಕೊಂಡಳು. ನಾನು ಬೆಚ್ಚಿ ಹಿಂದೆ ತಿರುಗಿ ನೋಡಿದೆ. ನಲವತ್ತೈದು ವರ್ಷ ವಯಸ್ಸಿನ, ಮೂರು ಮಕ್ಕಳ ತಂದೆಯಾದ ನಾನು ಪರಸ್ತ್ರೀಯ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದವನಂತೆ ನಾಚಿದ್ದನ್ನು ಕಂಡು ಗೌಡರು ಮೊದಲ ಬಾರಿ ನಕ್ಕರು.

ಬಲದ ಬಟ್ಟಲಿನ ಸಂಗತಿ ನನಗೆ ತಿಳಿದದ್ದು ಅವರ ತಾಯಿ ದುಗ್ಗಮ್ಮನಿಂದ. ಗೌಡರು ಎಲ್ಲಿಗೋ ಹೋಗಿದ್ದ ದಿನ ಆಕೆ ಅಂಗಡಿಯಲ್ಲಿ ಎಲೆಯಡಿಕೆ ಹಾಕುತ್ತ ಕುಳಿತಿದ್ದರು. "ನೀವಾದ್ರೂ ಒಂದು ಮಾತು ಹೇಳಿ ಮಾಸ್ಟ್ರೆ. ಇವ ಇನ್ನೊಂದು ಮದುವೆ ಆಗ್ಬೇಕು. ಇಲ್ಲದಿದ್ರೆ ಈ ವ್ಯಾಪಾರ ಏಳುದಿಲ್ಲ."

"ವ್ಯಾಪಾರಕ್ಕೂ ಮದುವೆಗೂ ಎಂತ ಸಂಬಂಧ ಅಮ್ಮ?"

"ಎಂತ ಸಂಬಂಧ ಅಂದ್ರೆ! ಹೊಸ ಪ್ಲೇಟು ಬಂದ್ರೆ ಪರೀಕ್ಷೆ ಮಾಡ್ಬೇಕಲ್ಲ? ಅದು ಇಬ್ಬರ ಕೆಲಸ. ಪ್ಲೇಟಿನ ಒಂದು ಬದಿ ಈ ಕಿವಿಗೆ ಬರುದು, ಇನ್ನೊಂದು ಬದಿ ಆ ಕಿವಿಗೆ. ಇವನ ಹೆಂಡತಿ ಸೇವಂತಿ ಇರುವಾಗ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಎಲ್ಲ ಪ್ಲೇಟು ನೋಡುದು, ಒಂದು ಬಿಡುದಿಲ್ಲ. ಪಾಪ, ಬೆನ್ನು ನೋಯುವಷ್ಟು ಕೂತುಕೊಳ್ತಿತ್ತು ಆ ಹುಡುಗಿ. ಈಗ ಇವ ಅರ್ಧ ಮಾತ್ರ ನೋಡುದು."

"ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?"

"ಅವನೇ. ಮತ್ತೆ ಯಾರು ಹೇಳ್ಬೇಕು, ನನಗೆ ಮಿಶನು ಗೊತ್ತುಂಟಾ?"

ಆ ಅಂಗಡಿಯ ಹಿಂದೆ ಇದ್ದದ್ದು ಒಂದೇ ಕೋಣೆ. ಅದರಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ, ಮೂರು ಮಕ್ಕಳು. ಅತ್ತೆಯ ಎದುರು ಸೊಸೆ ಬೆಂಚಿನಲ್ಲಿ ಕೂರುವುದಿರಲಿ, ಗಂಡನ ಜತೆ ಎರಡು ಮಾತು ನಿಂತು ಆಡಿದರೂ ಊರು ಕೆಮ್ಮುತ್ತಿದ್ದ ಕಾಲ. ಅಂಥಲ್ಲಿ, ಎರಡು ಬಟ್ಟಲಿಗೂ ಬರುವುದು ಒಂದೇ ಹಾಡು ಎಂಬುದನ್ನು ಮುಚ್ಚಿಟ್ಟು, ಎಲ್ಲರ ಕಣ್ಣೆದುರಿನಲ್ಲೇ, ಎಲ್ಲರ ಒಪ್ಪಿಗೆಯಿಂದಲೇ, ಒಂದು ಮೊಳದಷ್ಟು ಏಕಾಂತವನ್ನು ಗೌಡರು ಕಟ್ಟಿಕೊಂಡಿದ್ದರು. ಸ್ಪೀಕರು ಹಚ್ಚಿದರೆ ಹಾಡು ಮನೆಮಂದಿಯದು, ಬೀದಿಯದು. ಹೆಡ್‌ಫೋನಾದರೆ ಇಬ್ಬರು ಕೇಳಲು ತಲೆ ತಾಗಿಸಲೇಬೇಕು. ಎಡದ ಬಟ್ಟಲು ಅವರಿಗೆ, ಬಲದ್ದು ಸೇವಂತಿಗೆ. ಹೀಗೆ ಎರಡು ವರ್ಷ ಪರೀಕ್ಷೆ ನಡೆಯಿತು. ಐವತ್ತೇಳರಲ್ಲಿ ಸೇವಂತಿಗೆ ವಿಷಮಜ್ವರ ಬಂದು, ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡಳು. ದುಗ್ಗಮ್ಮನಿಗೆ ನಾನು ಎರಡನೆಯ ಮದುವೆಯ ವಿಷಯದಲ್ಲಿ ಯಾವ ಭರವಸೆಯನ್ನೂ ಕೊಡಲಿಲ್ಲ. ಯಂತ್ರದ ವಿಷಯದಲ್ಲಿ ಆಕೆಯ ಜ್ಞಾನವನ್ನು ತಿದ್ದಲೂ ಹೋಗಲಿಲ್ಲ.

ಅರವತ್ತನಾಲ್ಕರ ಮದುವೆಗಳ ಕಾಲದಲ್ಲಿ ಹೆಡ್‌ಫೋನು ಒಮ್ಮೆಲೇ ಮೂಕವಾಯಿತು. ಗೌಡರು ಯಾರಿಗೂ ಹೇಳಲಿಲ್ಲ. ಬರಿಗಿವಿಯಲ್ಲಿ ಚಪ್ಪರದ ಮೂಲೆಯಲ್ಲಿ ಕುಳಿತು, ತಾವೇ ಹಾಕಿದ ಹಾಡನ್ನು ಎಲ್ಲರಂತೆ ಮರದ ಮೇಲಿನಿಂದ ಕೇಳಿದರು. "ಇವತ್ತು ಗೌಡ್ರು ನಮ್ಮ ಒಟ್ಟಿಗೆ ಸೇರಿದ್ರು! ಹಾಡು ಲಾಯ್ಕುಂಟಲ್ಲಾ?" ಎಂದು ವೆಂಕಪ್ಪ ತಮಾಷೆ ಮಾಡಿದಾಗ "ಹೌದಾ?" ಎಂದು ಅವನನ್ನೇ ಕೇಳಿದರು. ಮೂರು ಮದುವೆಗಳು ಹೀಗೆ ಕಳೆದವು. ಒಂದು ಮದುವೆಯಲ್ಲಂತೂ ತಟ್ಟೆ ಮುಗಿದು ಮುಳ್ಳು ಬರಿದೆ ಕೆರೆಯುತ್ತಿದ್ದುದು ಇಡೀ ಊರಿಗೆ ಕೇಳಿದರೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ನಾನೇ ಕೇಳಿ ಕಾರಣ ತಿಳಿದು, ಸಮಾಧಾನ ಹೇಳುವ ಉತ್ಸಾಹದಲ್ಲಿ, "ಹಳೇ ಸಾಮಾನು, ಬಿಟ್ಟುಬಿಡಿ ಗೌಡ್ರೆ, ಒಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳಿ" ಎಂದೆ. ಅವರು ನನ್ನನ್ನು ನೋಡಿದ ರೀತಿ ನೆನಪಾದರೆ ಈಗಲೂ ನನಗೆ ಎಲ್ಲಾದರೂ ಅಡಗಿ ಕೂರೋಣ ಎನಿಸುತ್ತದೆ.

ಪ್ರಾಯಶ್ಚಿತ್ತಕ್ಕೆಂದು ನಾನೇ ರಜೆ ಹಾಕಿ ಅವರೊಡನೆ ಪುತ್ತೂರಿನ ಬಸ್ಸು ಹತ್ತಿದೆ. ಹೆಡ್‌ಫೋನನ್ನು ಅವರು ತಮ್ಮ ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಸುತ್ತಿ, ಎಳೆಗೂಸನ್ನು ಹಿಡಿದಂತೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ರೇಡಿಯೋ ರಿಪೇರಿಯ ಕುಂಞಿ ಮೋನು ಎರಡೂ ಬಟ್ಟಲು ಬಿಚ್ಚಿ, ತಂತಿ ಮುಟ್ಟಿಸಿ ನೋಡಿ, ಕನ್ನಡಕ ಹಣೆಗೇರಿಸಿದರು.

"ಬಲದ್ದು ಹೋಗಿದೆ ಗೌಡ್ರೆ. ಒಳಗೆ ಸುತ್ತಿದ ತಂತಿಯೇ ಕಡಿದಿದೆ."

"ನಾನು ಬಲದ್ದು ಉಪಯೋಗಿಸುದೇ ಇಲ್ಲ. ಎಡದ್ದಕ್ಕೆ ಎಂತ ಆಯ್ತು?"

"ಎಡದ್ದಕ್ಕೆ ಎಂತ ಆಗ್ಲಿಲ್ಲ. ಒಂದೇ ತಂತಿ ಅಲ್ವಾ, ಅದರ ಒಳಗೆ ಹೊಕ್ಕು ಇದಕ್ಕೆ ಬರುದು. ಅದು ಹೋದ್ರೆ ಇದಕ್ಕೆ ದಾರಿ ಇಲ್ಲ."

ಬಿಚ್ಚಿಟ್ಟಿದ್ದ ಬಲದ ಬಟ್ಟಲಿನ ಅಂಚನ್ನು ಗೌಡರು ಬೆರಳಿನಿಂದ ಒರೆಸಿದರು.

"ಮಿಲಿಟರಿ ಮಾಲು, ಇದಕ್ಕೆ ಜೋಡಿ ಮಂಗಳೂರಿನಲ್ಲೂ ಸಿಗುದಿಲ್ಲ. ಬಲದ್ದನ್ನು ಕಡಿದು ಬಿಸಾಡುವ. ಎಡದ್ದಕ್ಕೆ ನೇರ ತಂತಿ ಕೊಡ್ತೇನೆ, ಐದು ನಿಮಿಷದ ಕೆಲಸ." ಕುಂಞಿ ಮೋನು ಆಗಲೇ ಇಕ್ಕಳ ಕೈಗೆತ್ತಿಕೊಂಡಿದ್ದರು.

"ತಡೀರಿ" ಎಂದರು ಗೌಡರು. ಎದ್ದು ಹೊರಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತರು. ಎರಡು ಬಸ್ಸು ಬಂದವು, ಹೋದವು. ಏಳು ವರ್ಷ ಯಾರ ಕಿವಿಯೂ ತಾಗದೆ ಇದ್ದ ಒಂದು ಬಟ್ಟಲಿನ ಬಗ್ಗೆ ಒಬ್ಬ ಮನುಷ್ಯ ಇಷ್ಟು ಹೊತ್ತು ಆಲೋಚಿಸಬಲ್ಲ ಎಂದು ಕುಂಞಿ ಮೋನು ಕನಸಿನಲ್ಲೂ ಎಣಿಸಿರಲಾರರು, "ಎಂತ ಮಾಸ್ಟ್ರೆ, ಹುಷಾರಿಲ್ವಾ ಅವರಿಗೆ?" ಎಂದು ನನ್ನನ್ನು ಕೇಳಿದರು. ಆಮೇಲೆ ಗೌಡರು ಒಳಗೆ ಬಂದು, "ಎಡದ್ದಕ್ಕೆ ನೇರ ಕೊಡಿ. ಬಲದ್ದು ಅಲ್ಲೇ ಇರ್ಲಿ" ಎಂದರು.

"ಸುಮ್ಮನೆ ಭಾರ ಗೌಡ್ರೆ."

"ಇರ್ಲಿ."

ವಾಲಗದವರು, ಅಡುಗೆಯವರು, ಚಪ್ಪರ ಕಟ್ಟುವವರು, ಮೈಕಿನವರು, ಹೀಗೆ ಪರರ ಸಂಭ್ರಮವನ್ನು ಹೊತ್ತು ಮನೆಮನೆಗೆ ಮುಟ್ಟಿಸುವ ಒಂದು ವರ್ಗ ನಮ್ಮ ನಡುವೆ ಇದೆ. ಅವರು ನೂರಾರು ಮದುವೆಗಳನ್ನು ಮೂಲೆಯಿಂದ ನೋಡುತ್ತಾರೆ, ಎಲ್ಲರೂ ಉಂಡ ಮೇಲೆ ಉಣ್ಣುತ್ತಾರೆ, ಸಾಮಾನು ಬಿಚ್ಚಿಕೊಂಡು ಹೊರಡುತ್ತಾರೆ. ಅವರ ಪಾಲಿನ ಸಂತೋಷ ಎಲ್ಲಿದೆಯೆಂದು ನಾವು ವಿಚಾರಿಸುವುದಿಲ್ಲ. ವಿಚಾರಿಸಿದರೂ ಅವರು ಹೇಳುವವರಲ್ಲ. ಲೋಕಕ್ಕೆ ಗಟ್ಟಿಯಾಗಿ ಕೇಳಿಸುವುದು ಅವರ ವೃತ್ತಿ. ತಮ್ಮದನ್ನು ಮಾತ್ರ ಅವರು ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಇಟ್ಟುಕೊಳ್ಳುತ್ತಾರೆ.

ಇಷ್ಟು ತಿಳಿದೂ, ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ಮಾಸ್ತರ ನಾಲಗೆ ಸುಮ್ಮನಿರಲಿಲ್ಲ. "ಹಾಳಾದ ಬದಿಯನ್ನು ಯಾಕೆ ಉಳಿಸಿಕೊಂಡ್ರಿ ಗೌಡ್ರೆ?" ಎಂದು ಕೇಳಿಯೇ ಬಿಟ್ಟೆ.

ಗೌಡರು ಬೈರಾಸಿನ ಗಂಟನ್ನು ಇನ್ನೊಮ್ಮೆ ಬಿಗಿದರು.

"ಹಾಗೆಂತ ಇಲ್ಲ ಮಾಸ್ಟ್ರೆ. ಒಂದೇ ಬದಿಯಾದ್ರೆ ತಲೆಯಲ್ಲಿ ನಿಲ್ಲುದಿಲ್ಲ."