ಅರ್ಧ ಟ್ಯಾಂಕರ್ ನೀರು

ನನ್ನ ತಮ್ಮ ಚಲಪತಿಗೆ ಶುಚಿಯ ಹುಚ್ಚು. ಬೇತಮಂಗಲದ ಕಡೆಯ ಬೋರ್‌ವೆಲ್ಲಿನಿಂದ ಟ್ರಾಕ್ಟರಿನಲ್ಲಿ ಟ್ಯಾಂಕರ್ ಎಳೆದು ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ನೀರು ತರುವುದು ಅವನ ಕೆಲಸ, ಪೈಪು ಹಿಡಿಯುವುದು ನನ್ನ ಕೆಲಸ. ಟ್ಯಾಂಕಿನಲ್ಲಿ ಪಾಚಿ ಕಟ್ಟಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಳಗಿನ ಅಡ್ಡ ತಗಡುಗಳ ಸಂದಿಯಲ್ಲಿ ಉಜ್ಜಲಾಗದೆ, ಒಂದು ದಿನ ರಾಬರ್ಟ್‌ಸನ್‌ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋಗಿ ಅಷ್ಟನ್ನೂ ಕತ್ತರಿಸಿ ತೆಗೆಸಿಬಿಟ್ಟ.

"ಈಗ ನೋಡಕ್ಕ, ಕನ್ನಡಿ ಇದ್ದಂಗಾಗೈತೆ," ಎಂದ.

ಮಹಾರಾಯ, ಆ ತಗಡುಗಳು ಇದ್ದದ್ದೇ ನೀರು ಒಟ್ಟಿಗೆ ನುಗ್ಗದಿರಲಿ ಎಂದು. ಟ್ಯಾಂಕು ತುಂಬಿದ್ದರೆ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧ ಖಾಲಿಯಾದರೆ, ಗಾಡಿ ನಿಂತರೂ ನೀರು ನಿಲ್ಲುವುದಿಲ್ಲ. ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಿನವರ ಮೇಲೆ ಬೀಳುತ್ತಾರಲ್ಲ, ಹಾಗೆ ಬಂದ ವೇಗದಲ್ಲೇ ಮುಂದಕ್ಕೆ ಗುದ್ದುತ್ತದೆ. ಆ ಗುದ್ದು ಮಡ್‌ಗಾರ್ಡ್ ಮೇಲೆ ಕೂತ ನನ್ನ ಸೊಂಟಕ್ಕೆ ತಿಳಿಯುತ್ತಿತ್ತು. ಇದು ಎಂದಾದರೂ ನನ್ನ ತಮ್ಮನನ್ನು ಟ್ರಾಕ್ಟರಿನಡಿ ಹಾಕುತ್ತದೆ ಎಂಬ ಭಯ ಅಂದಿನಿಂದ ಅಂಟಿಕೊಂಡಿತು.

"ಅರ್ಧ ನೀರಲ್ಲಿ ಇಳಿಜಾರಿಗೆ ಓಗ್ಬ್ಯಾಡ ಕಣ್ಲಾ. ಒಂದೇ ಬೀದೀಲಿ ಖಾಲಿ ಮಾಡು."

"ಕೆಳಗಿನ್ ಲೈನ್‌ನೋರು ಏನ್ ಕುಡೀತಾರೆ? ನಿಧಾನಕ್ಕೆ ಓಗ್ತೀನಿ ಬಿಡಕ್ಕ."

ಆ ಮಂಗಳವಾರ ಮೇಲಿನ ಬೀದಿಗೆ ಅರ್ಧ ಸುರಿದು ಇಳಿಜಾರಿಗೆ ಬಂದೆವು. ಟ್ಯಾಂಕರ್ ಬರುವ ದಿನ ರಸ್ತೆಯಲ್ಲೇ ಬಿಂದಿಗೆಗಳನ್ನು ಸಾಲಾಗಿಟ್ಟು ಸರದಿ ಹಿಡಿಯುವುದು ಅಲ್ಲಿನ ರೂಢಿ. ಮೊದಲ ಸರದಿ ತನ್ನದಾಗಲೆಂದು ಅಮ್ಮಾಜಮ್ಮ ಎಂಬ ಮುದುಕಿ ಸಾಲನ್ನು ತಿರುವಿನವರೆಗೂ ತಂದು, ಬಿಂದಿಗೆಯ ಪಕ್ಕ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ತಿರುವು ದಾಟಿದ ಮೇಲೇ ನಮಗೆ ಕಂಡಳು.

ಚಲಪತಿ ಬ್ರೇಕ್ ತುಳಿದ. ಟ್ರಾಕ್ಟರ್ ಇನ್ನೇನು ನಿಂತೇಬಿಟ್ಟಿತು ಅನ್ನಬೇಕು, ಹಿಂದಿನಿಂದ ನೀರು ದಡ್ ಎಂದು ಗುದ್ದಿತು. ಚಕ್ರಗಳು ಉರುಳದೆ ಮುದುಕಿಯ ಕಡೆಗೆ ಜಾರತೊಡಗಿದವು. "ಧುಮುಕಕ್ಕ," ಎಂದು ನನ್ನನ್ನು ತಳ್ಳಿದ. ನಾನು ಮಣ್ಣಿಗೆ ಬಿದ್ದು ತಲೆ ಎತ್ತುವಷ್ಟರಲ್ಲಿ ಅವನು ಸ್ಟೇರಿಂಗ್ ಹಿಡಿತಕ್ಕೆ ಬರಲೆಂದು ಬ್ರೇಕ್ ಬಿಟ್ಟು ಚರಂಡಿ ಕಡೆಗೆ ತಿರುಗಿಸಿದ್ದ. ಟ್ರಾಕ್ಟರ್ ಅವನ ಮೇಲೆಯೇ ಮಗುಚಿತು.

ಅಮ್ಮಾಜಮ್ಮನಿಗೆ ಒಂದು ಗೀರೂ ಬೀಳಲಿಲ್ಲ. ಸಂತೋಷಪಡಬೇಕೆಂದು ಗೊತ್ತು, ನನ್ನಿಂದ ಆಗಲಿಲ್ಲ. ಅವಳನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಬಂಗಾರಪೇಟೆ ದಾಟಿ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಬೆನ್ನುಮೂಳೆಯ ಆಪರೇಷನ್ ಆಗಿ ಅವನಿಗೆ ಎಚ್ಚರವಾದ ಮೇಲೆ ಡಾಕ್ಟರು ಹೊದಿಕೆ ಸರಿಸಿ, ಪಾದಕ್ಕೆ ಅಂಗೈ ಒಡ್ಡಿದರು.

"ಒತ್ತಿ, ಚಲಪತಿ. ಆದಷ್ಟು ಜೋರಾಗಿ."

ತಮ್ಮನ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಪಾದ ಇದ್ದಲ್ಲೇ ಇತ್ತು. ಡಾಕ್ಟರು ಕೈ ತೆಗೆದು, ನನ್ನ ಮುಖ ನೋಡದೆ ಪಕ್ಕದ ಮಂಚಕ್ಕೆ ಹೋದರು.

"ಅವ್ರ್ ಯಾಕಕ್ಕ ಕೈ ತಗದ್ಬುಟ್ರು?" ಎಂದು ಅವನು ಏದುಸಿರು ಬಿಡುತ್ತ ಕೇಳಿದ. "ನಾನಿನ್ನೂ ಒತ್ತುತಾನೇ ಇದೀನಲ್ಲ."